ಅದರಲ್ಲಿ ಯಾರಾದರೂ ಕೆಲಸ ಮಾಡ್ತಾರಾ?

ಪ್ರಶ್ನೆ: ನಾವು ಪುಣೆಯಲ್ಲಿದ್ದೇವೆ, ಮೂಲ ತೀರ್ಥಹಳ್ಳಿ ಕಡೆ. ಅಂಚೆ ಇಲಾಖೆಯಿಂದ ನಿವೃತ್ತರಾದ ಅಪ್ಪ ಮತ್ತು ಅಮ್ಮ ಈ ಮಳೆಗಾಲದಿಂದ ನಮ್ಮ ಜೊತೆಗಿದ್ದಾರೆ. ಸಂಜೆ ಆರೂವರೆಯಿಂದ ಹತ್ತರವರೆಗೆ ಟಿವಿ ಅಮ್ಮನದು. ಅಪ್ಪ ಎದ್ದು ಹೋಗಿ ಬಾಲ್ಕನಿಯಲ್ಲಿ ಕೂರುತ್ತಾರೆ. ಒಂಬತ್ತು ವರ್ಷದ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಮೊನ್ನೆ ಅವಳು ಅಜ್ಜಿಯ ಧಾರಾವಾಹಿಯ ಖಳನಾಯಕಿಯ ಹಾಗೆ ಹುಬ್ಬೇರಿಸಿ, "ನಿನ್ನನ್ನ ಈ ಮನೆಯಿಂದ ಓಡಿಸ್ತೀನಿ ನೋಡ್ತಿರು" ಎಂದಳು. ನನಗೆ ಭಯವೇ ಆಯಿತು. ನಾಲ್ಕೂ ಜನ ಕೂತು ನೋಡುವಂಥದ್ದು ಕನ್ನಡದಲ್ಲಿ ಏನಿದೆ? ನೆಂಟರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಇಪ್ಪತ್ತು ಹೆಸರು ಬಂದವು. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಕಾಗದ ಓದಿ ಮುಗಿಸಿದ ಮೇಲೂ ಬಾಲ್ಕನಿಯಲ್ಲಿ ಕೂತ ನಿಮ್ಮ ತಂದೆಯವರೇ ಕಣ್ಣ ಮುಂದೆ ಉಳಿದರು. ಹಾಗಾಗಿ ಅವರಿಂದಲೇ ಶುರು ಮಾಡುತ್ತೇನೆ.

ಒಬ್ಬ ಪೋಸ್ಟ್‌ಮ್ಯಾನ್ ಇದ್ದಾನೆ, ತಾನಪ್ಪ ಅಂತ. ತನ್ನ ಬೀದಿಗಳ ಸುತ್ತು ಮುಗಿಸಲು ಅವನಿಗೆ ದಿನದ ಬಹುಪಾಲು ಬೇಕು, ಯಾಕೆಂದರೆ ಒಂದೊಂದು ಮನೆಯಲ್ಲೂ ನಿಲ್ಲುತ್ತಾನೆ. ಮಗನಿಂದ ಮನಿಯಾರ್ಡರ್ ಬಂತಾ, ಸೊಸೆಯ ಹೆರಿಗೆ ಆಯಿತಾ, ಕೇಸು ಎಲ್ಲಿಗೆ ಬಂತು, ಎಲ್ಲ ಅವನಿಗೆ ಗೊತ್ತು. ಒಂದು ಮನೆಯಲ್ಲಿ ಮಗಳ ಮದುವೆ ಕುದುರುತ್ತಾ ಇಲ್ಲ. ಗಂಡು ಹುಡುಕುವುದರಲ್ಲೂ ಇವನದೊಂದು ಕೈ. ಕೊನೆಗೂ ಸಂಬಂಧ ಕೂಡುತ್ತದೆ, ಮುಹೂರ್ತ ಗೊತ್ತಾಗುತ್ತದೆ, ಆ ದಿನ ತಪ್ಪಿದರೆ ಮದುವೆಯೇ ತಪ್ಪುವ ಪರಿಸ್ಥಿತಿ. ಆಗ ಅವನ ಚೀಲಕ್ಕೆ ಆ ಮನೆಯ ವಿಳಾಸದ ಒಂದು ಅಶುಭದ ಸುದ್ದಿ ಬಂದು ಬೀಳುತ್ತದೆ. ಕೊಡಬೇಕಾ, ಇಟ್ಟುಕೊಳ್ಳಬೇಕಾ?

ಇದು 'ಮಾಲ್ಗುಡಿ ಡೇಸ್' ಸರಣಿಯ ಒಂದು ಕಂತು. ಆರ್.ಕೆ. ನಾರಾಯಣ್ ಅವರ ಮೂಲ ಕಥೆಯ ಹೆಸರು 'ದಿ ಮಿಸ್ಸಿಂಗ್ ಮೇಲ್'. ಕಂತು ಇಪ್ಪತ್ತು ಚಿಲ್ಲರೆ ನಿಮಿಷದ್ದು. ಅಂಚೆ ಇಲಾಖೆಯಲ್ಲಿ ಜೀವಮಾನ ಸವೆಸಿದವರು ಇದನ್ನು ನೋಡಿ ಸುಮ್ಮನೆ ಎದ್ದು ಹೋಗುವುದು ಕಷ್ಟ. ಟಪಾಲು ತಡೆಹಿಡಿಯುವುದು ಎಂಥ ಅಪರಾಧ ಎಂಬುದು ನಿಮ್ಮ ನಾಲ್ವರಲ್ಲಿ ಅವರಿಗೊಬ್ಬರಿಗೇ ಸರಿಯಾಗಿ ಗೊತ್ತು. ಮುಗಿದ ಮೇಲೆ ಮೊಮ್ಮಗಳು ಕೇಳಿಯೇ ಕೇಳುತ್ತಾಳೆ, "ಅಜ್ಜ, ನೀವಾಗಿದ್ದರೆ ಏನು ಮಾಡ್ತಿದ್ರಿ?" ಕೊನೆಯಲ್ಲಿ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ನೀವು ಕನ್ನಡದ್ದು ಕೇಳಿದ್ದೀರಿ, ಇದು ಮೂಲದಲ್ಲಿ ಹಿಂದಿ, ಕೆಲವು ಕಂತುಗಳು ಇಂಗ್ಲಿಷಿನಲ್ಲೂ ತಯಾರಾದವು. ಆದರೂ ಇದನ್ನೇ ಮೊದಲು ಹೇಳುತ್ತೇನೆ. 1986-87ರಲ್ಲಿ ದೂರದರ್ಶನದಲ್ಲಿ ಬಂದ ಈ 39 ಕಂತುಗಳನ್ನು ನಿರ್ದೇಶಿಸಿದ್ದು ನಮ್ಮ ಶಂಕರ್ ನಾಗ್, ನಿರ್ಮಾಪಕರು ಟಿ.ಎಸ್. ನರಸಿಂಹನ್. ಸ್ವಾಮಿ ಎಂಬ ಶಾಲಾ ಹುಡುಗನಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಅನಂತ್ ನಾಗ್ ಇದ್ದಾರೆ, ರಮೇಶ್ ಭಟ್ ಇದ್ದಾರೆ. ಹಿಂದಿ ಮಾತಾಡುವ ಆ ಬಾಯಿಗಳ ಹಿಂದಿರುವುದು ಬಹುಪಾಲು ಕನ್ನಡ ರಂಗಭೂಮಿ. ಮುಖ್ಯವಾಗಿ, ಚಿತ್ರೀಕರಣ ನಡೆದದ್ದು ನಿಮ್ಮದೇ ತಾಲೂಕಿನ ಆಗುಂಬೆಯಲ್ಲಿ. ಅಲ್ಲಿಯ ದೊಡ್ಡಮನೆಯ ಅಂಗಳ, ಕಂಬಗಳು, ಜಗಲಿ, ಮಳೆ ತೊಳೆದ ಹೆಂಚು ಕಂಡ ಕೂಡಲೇ ನಿಮ್ಮ ತಂದೆ ತಾಯಿಗೆ ಗುರುತು ಸಿಗುತ್ತದೆ. ರೈಲು ನಿಲ್ದಾಣದ ದೃಶ್ಯಗಳು ಅರಸಾಳಿನವು. ಆ ಹಳೆಯ ನಿಲ್ದಾಣವನ್ನು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ, ಮುಂದಿನ ಸಲ ಊರಿಗೆ ಹೋದಾಗ ಮಗಳನ್ನು ಕರೆದುಕೊಂಡು ಹೋಗಿ. ಪುಣೆಯಲ್ಲಿ ಬೆಳೆಯುವ ಮಗುವಿಗೆ ಹಿಂದಿ ಸಲೀಸು. ಅವಳಿಗೆ ಸಲೀಸಾದ ಭಾಷೆಯಲ್ಲಿ ಅಜ್ಜನ ಊರು ಕಾಣಿಸಿದರೆ ಅಲ್ಲಿಂದ ಮುಂದೆ ಕನ್ನಡ ತಾನಾಗಿ ಬರುತ್ತದೆ. ಕಂತು ಮುಗಿದ ಮೇಲೆ ಮನೆಯಲ್ಲಿ ನಡೆಯುವ ಮಾತು ಹೇಗಿದ್ದರೂ ಕನ್ನಡದಲ್ಲೇ ತಾನೆ?

ಎರಡನೆಯ ದಿನಕ್ಕೆ 'ಎ ಹೀರೋ' ಹಾಕಿ. ಹುಲಿಯ ಜೊತೆ ಸೆಣಸಿದ ಹುಡುಗನ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದಿ, ಧೈರ್ಯ ಇದ್ದರೆ ವಯಸ್ಸು ಲೆಕ್ಕಕ್ಕಿಲ್ಲ ಅನ್ನುತ್ತಾನೆ. ಹಾಗಿದ್ದರೆ ಇವತ್ತು ರಾತ್ರಿ ನೀನೊಬ್ಬನೇ ಆಫೀಸು ಕೋಣೆಯಲ್ಲಿ ಮಲಗು ಅಂತ ಸ್ವಾಮಿಗೆ ಅಪ್ಪಣೆ. ಅಜ್ಜಿಯ ಮಗ್ಗುಲಲ್ಲೇ ಮಲಗಿ ರೂಢಿಯಾದ ಹುಡುಗ. ಕಾರ್ನಾಡರು ಅಲ್ಲಿ ದನಿ ಏರಿಸುವುದೇ ಇಲ್ಲ. ಅಪ್ಪ ಗದರಿದರೆ ಅಳಬಹುದು, ಅಪ್ಪ ಶಾಂತವಾಗಿ ಹೇಳಿದರೆ ಏನು ಮಾಡುವುದು? ಮಂಜುನಾಥ್ ಮುಖದ ಮೇಲೆ ಆ ಇಕ್ಕಟ್ಟನ್ನು ನೋಡಬೇಕು. ನಿಮ್ಮ ಮಗಳು ಈಗ ಅಜ್ಜಿಯ ಜೊತೆ ಮಲಗುತ್ತಿದ್ದರೆ ಈ ಕಂತು ಅವಳದೇ ಕಥೆ.

ಮೂರನೆಯದನ್ನು ನಿಮಗಾಗಿ ಹೇಳುತ್ತೇನೆ. ತಿಂಗಳಿಗೆ ನಲವತ್ತು ರೂಪಾಯಿ ಸಂಬಳದ ಗುಮಾಸ್ತ, ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಪುಟ್ಟ ಮಗಳಿಗೆ ಮಾತು ಕೊಟ್ಟು ಕಚೇರಿಗೆ ಹೋಗಿದ್ದಾನೆ. ಅವಳು ಸ್ಕೂಲಿನಿಂದ ಓಡಿ ಬಂದು, ಚಂದದ ಫ್ರಾಕು ಹಾಕಿಸಿಕೊಂಡು, ಬೀದಿಯ ತುದಿಗೆ ಹೋಗಿ ನಿಲ್ಲುತ್ತಾಳೆ. ಕಥೆಯ ಹೆಸರು 'ಫಾರ್ಟಿ-ಫೈವ್ ಎ ಮಂತ್'. ರಾತ್ರಿ ಎಂಟಕ್ಕೆ ಮನೆ ಸೇರುವ ಯಾವ ತಾಯಿ ತಂದೆಗೂ ಆ ಕಂತು ಗಂಟಲು ಕಟ್ಟಿಸುತ್ತದೆ. ಮೊದಲು ನೀವೊಬ್ಬರೇ ನೋಡಿ, ಆಮೇಲೆ ಮನೆಯವರ ಜೊತೆ.

ಇಷ್ಟು ಹೇಳಿದ್ದರಲ್ಲಿ ನಿಮಗೊಂದು ವಿಷಯ ಕಂಡಿರಬಹುದು. ಪೋಸ್ಟ್‌ಮ್ಯಾನ್, ಗುಮಾಸ್ತ, ಶಾಲೆಗೆ ಹೋಗಲೇಬೇಕಾದ ಹುಡುಗ. ಎಲ್ಲರಿಗೂ ಒಂದು ಕೆಲಸವಿದೆ, ಆ ಕೆಲಸದಿಂದಲೇ ಕಥೆ ಹುಟ್ಟುತ್ತದೆ. ಇಪ್ಪತ್ತಾರು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದ ನಾನು ಯಾವುದೇ ಹೊಸ ಧಾರಾವಾಹಿ ನೋಡುವಾಗ ಮೊದಲ ಐದು ಕಂತಿನಲ್ಲಿ ಹುಡುಕುವುದು ಇದೊಂದನ್ನೇ: ಇದರಲ್ಲಿ ಯಾರಾದರೂ ಕೆಲಸ ಮಾಡುತ್ತಾರಾ? ಯಾರಾದರೂ ಅಕ್ಕಿ ಆರಿಸುತ್ತಾರಾ, ಬಸ್ಸಿಗೆ ಕಾಯುತ್ತಾರಾ, ತಿಂಗಳ ಕೊನೆಗೆ ದುಡ್ಡು ಎಣಿಸುತ್ತಾರಾ? ಕೆಲಸ ಇದ್ದ ಕಡೆ ಮನುಷ್ಯರು ಇರುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ರೇಷ್ಮೆ ಸೀರೆಯುಟ್ಟು ಹಾಲ್‌ನಲ್ಲಿ ನಿಂತೇ ಇರುವವರಿಗೆ ಒಬ್ಬರ ಮೇಲೊಬ್ಬರು ಸಂಚು ಹೂಡುವುದನ್ನು ಬಿಟ್ಟರೆ ಮಾಡಲು ಏನೂ ಉಳಿಯುವುದಿಲ್ಲ. ನಿಮ್ಮ ಮಗಳು ಕಲಿತ ಆ ವಾಕ್ಯ ಬಂದದ್ದು ಅಂಥ ಹಾಲ್‌ನಿಂದ.

ಅದು ಬರೆಯುವವರ ದುಷ್ಟತನದಿಂದ ಆಗುವುದಲ್ಲ, ಲೆಕ್ಕದಿಂದ ಆಗುವುದು. ಹೇಗೆ ಅಂತ ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಹದಿನೈದು ವರ್ಷದ ಹಿಂದೆ ಒಂದು ವಾಹಿನಿಗೆ ಬರೆದ ಧಾರಾವಾಹಿಯ ನಾಯಕಿ ತಾಲೂಕು ಆಸ್ಪತ್ರೆಯ ನರ್ಸು. ಮೊದಲ ಇಪ್ಪತ್ತು ಕಂತು ಅವಳ ರಾತ್ರಿ ಪಾಳಿ, ಹೆರಿಗೆ ವಾರ್ಡು, ಬೆಳಗಿನ ಆರರ ಬಸ್ಸು. ಬರೆಯುವಾಗ ನನಗೇ ಖುಷಿ ಕೊಟ್ಟ ದೃಶ್ಯಗಳು. ಆಸ್ಪತ್ರೆಯ ಸೆಟ್ಟಿಗೆ ದಿನಬಾಡಿಗೆ ಬೇರೆ, ಜೊತೆಗೆ ರೋಗಿಗಳಾಗಿ ಹತ್ತಾರು ಜೂನಿಯರ್ ಕಲಾವಿದರು. ಶೂಟಿಂಗ್ ಮನೆಯಾದರೆ ತಿಂಗಳ ಬಾಡಿಗೆ, ಒಂದೇ ಹಾಲ್‌ನಲ್ಲಿ ದಿನಕ್ಕೆ ಒಂದೂವರೆ ಕಂತು ಮುಗಿಯುತ್ತದೆ. "ಸರ್, ಹಾಸ್ಪಿಟಲ್ ಸೀನ್ ಸ್ವಲ್ಪ ಕಮ್ಮಿ ಮಾಡಿ" ಎಂದರು ನಿರ್ಮಾಣದವರು. ಅರವತ್ತನೆಯ ಕಂತಿನ ಹೊತ್ತಿಗೆ ಅವಳು ರಜೆಯ ಮೇಲಿದ್ದಳು. ನೂರು ದಾಟುವಾಗ ಅವಳು ನರ್ಸು ಅನ್ನುವುದು ನಮಗೆ ಯಾರಿಗೂ ನೆನಪಿರಲಿಲ್ಲ. ಹಾಸನದಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹೆಂಗಸೊಬ್ಬರು ನಾನು ಬರೆಯುವವನು ಅಂತ ತಿಳಿದು ಕೇಳಿದರು: "ನಾನೂ ಸ್ಟಾಫ್ ನರ್ಸು ಸಾರ್. ಅವಳು ಡ್ಯೂಟಿಗೆ ಯಾವಾಗ ಹೋಗ್ತಾಳೆ?" ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಅವತ್ತಿನಿಂದ ನನ್ನ ಅಳತೆಗೋಲು ಮಾಡಿಕೊಂಡೆ.

ಇದರ ಜೊತೆಗೆ, ಎಷ್ಟು ಜನ ನೋಡಿದರು ಅಂತ ಲೆಕ್ಕ ಹೇಳುವ, ಪ್ರತಿ ಗುರುವಾರ ಬರುವ ಬಾರ್ಕ್ ರೇಟಿಂಗ್ ಇದೆ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಇಪ್ಪತ್ತೆರಡು ನಿಮಿಷ ತುಂಬಬೇಕು, ವಾರಕ್ಕೆ ಐದು ಆರು ದಿನ. ಮೊದಲೇ ತೆಗೆದಿಟ್ಟ ಕಂತುಗಳ ಬ್ಯಾಂಕ್ ಖಾಲಿಯಾದಾಗ ಇವತ್ತು ತೆಗೆದದ್ದು ನಾಳೆಯೇ ಪ್ರಸಾರ. ಒಬ್ಬರು ಮಾತಾಡಿದರೆ ಎಂಟು ಮುಖಗಳ ಮೇಲೆ ಮೂರು ಮೂರು ಸಲ ಕ್ಯಾಮೆರಾ ಓಡುವುದು ನಿಮಿಷ ತುಂಬಲಿಕ್ಕೆ. ಮುಗಿಯುವ ದಿನ ಯಾವುದು ಅಂತ ಗೊತ್ತಿಲ್ಲದ ಕಥೆಗೆ ನಡು ಅನ್ನುವುದೇ ಇರುವುದಿಲ್ಲ. ಆದ್ದರಿಂದ ಮನೆಯವರೆಲ್ಲ ಕೂತು ನೋಡಲು ಮುಗಿದುಹೋದ ಧಾರಾವಾಹಿಗಳನ್ನೇ ಆರಿಸಿಕೊಳ್ಳಿ ಅನ್ನುವುದು ನನ್ನ ಮೊದಲ ಸಲಹೆ.

ಹಾಗಂತ ನಿಮ್ಮ ತಾಯಿಯವರ ಕೈಯಿಂದ ರಿಮೋಟ್ ಕಸಿಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಊರಿನಲ್ಲಿ ಅವರಿಗೆ ಅಕ್ಕಪಕ್ಕದ ಮನೆ ಇತ್ತು, ಹಿತ್ತಲು ಇತ್ತು, ದೇವಸ್ಥಾನದ ಕಟ್ಟೆ ಇತ್ತು. ಪುಣೆಯ ಏಳನೆಯ ಮಹಡಿಯಲ್ಲೋ ಎಂಟನೆಯ ಮಹಡಿಯಲ್ಲೋ ಕನ್ನಡದಲ್ಲಿ ಮಾತಾಡುವ ಜನ ಅವರಿಗೆ ಸಿಗುವುದು ಆ ಪೆಟ್ಟಿಗೆಯೊಳಗೆ ಮಾತ್ರ. ದಿನಾ ಅದೇ ಹೊತ್ತಿಗೆ ತಪ್ಪದೆ ಬಂದು ಹೋಗುವ ಆ ಮುಖಗಳು ಅವರಿಗೆ ನೆರೆಹೊರೆ. ಅವರ ಏಳು ಧಾರಾವಾಹಿಗಳಲ್ಲಿ ಎರಡು ಮೂರು ಉಳಿಯಲಿ. ಯಾವುದು ಅಂತ ಅವರೇ ಆರಿಸಲಿ, ನರ್ಸಮ್ಮನ ಪ್ರಶ್ನೆಯನ್ನು ಅವರ ಮುಂದೆಯೂ ಇಡಿ. ಮೆಗಾ ಧಾರಾವಾಹಿಯಾದರೂ ಈ ಪ್ರಶ್ನೆಗೆ ಗಟ್ಟಿ ಉತ್ತರ ಕೊಟ್ಟವು ಇವೆ. ಜೀ ಕನ್ನಡದಲ್ಲಿ 2021ರ ಡಿಸೆಂಬರ್‌ನಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಅಂಥದ್ದು. ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಗಂಡ ಬಿಟ್ಟುಹೋದ ಹೆಂಗಸು ಮೆಸ್ ನಡೆಸಿ ಮೂವರು ಮಕ್ಕಳನ್ನು ಬೆಳೆಸುತ್ತಾಳೆ. ಉಮಾಶ್ರೀಯವರು ಆ ಪಾತ್ರದಲ್ಲಿ ಸೌಟು ಹಿಡಿಯುವ ರೀತಿ ನೋಡಿ, ದಿನಕ್ಕೆ ನೂರು ಜನಕ್ಕೆ ಬಡಿಸಿದ ಕೈ ಅದು ಅನ್ನಿಸುತ್ತದೆ. ಮುಂದೆ ಅದೂ ಜಗ್ಗಿತು, ತಿರುವುಗಳು ಹೆಚ್ಚಾದವು. ಮೊದಲ ನೂರು ಕಂತಿನ ಪುಟ್ಟಕ್ಕನನ್ನು ಮಾತ್ರ ನಿಮ್ಮ ಮಗಳು ಅಜ್ಜಿಯ ಪಕ್ಕ ಕೂತು ಧಾರಾಳವಾಗಿ ನೋಡಬಹುದು.

ಇನ್ನು ನಿಮ್ಮ ಕಾಗದದ ನಿಜವಾದ ಪ್ರಶ್ನೆ. ಕನ್ನಡದಲ್ಲಿ, ಎಲ್ಲರೂ ಕೂತು, ತಿಂಗಳುಗಟ್ಟಲೆ ನೋಡುವಂಥದ್ದು ಯಾವುದು?

'ಮಾಯಾಮೃಗ'. ಎರಡು ಸಲ ಯೋಚಿಸದೆ ಹೇಳುತ್ತೇನೆ.

1998ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಶುರುವಾದದ್ದು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದರು. ಖಾಸಗಿ ವಾಹಿನಿಗಳು ಆಗಷ್ಟೇ ಬಲಿಯುತ್ತಿದ್ದ ಕಾಲ, ಉದಯ ಟಿವಿ ಬಂದು ನಾಲ್ಕು ವರ್ಷವಾಗಿತ್ತು. ಆ ದಿನಗಳಲ್ಲಿ ಸರ್ಕಾರಿ ವಾಹಿನಿಯ ದಿನದ ಧಾರಾವಾಹಿಯೊಂದು ಊರಿಗೆ ಊರನ್ನೇ ಮನೆಯೊಳಗೆ ಕೂರಿಸಿತು. ನಿಮ್ಮ ತಾಯಿಯವರಿಗೆ ಶೀರ್ಷಿಕೆ ಗೀತೆಯ ಮೊದಲ ಸಾಲು ಕೇಳಿಸಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ. ಮಧ್ಯಮ ವರ್ಗದ ಮನೆಗಳು, ಸಾಲ, ನೌಕರಿ, ಮದುವೆಯಾಗದ ಮಗಳು, ಮಾತು ಬಿಟ್ಟ ಅಣ್ಣತಮ್ಮಂದಿರು. ಇದ್ದ ವಿಷಯ ಅಷ್ಟೇ. ಆದರೆ ಅಲ್ಲಿ ಕೆಟ್ಟವನು ಅಂತ ಹುಟ್ಟಿದವನು ಒಬ್ಬನೂ ಇಲ್ಲ. ತಪ್ಪು ಮಾಡುವವನಿಗೂ ಅವನದೇ ಕಾರಣ ಇರುತ್ತದೆ, ಆ ಕಾರಣ ಹೇಳಲು ಅವನಿಗೆ ಪೂರ್ತಿ ಒಂದು ದೃಶ್ಯ ಸಿಗುತ್ತದೆ. ಒಂಬತ್ತು ವರ್ಷದ ಮಗುವಿಗೆ ಮನುಷ್ಯರನ್ನು ಪರಿಚಯಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಸೀತಾರಾಮ್ ವಕೀಲಿಕೆ ಮಾಡಿದವರು. ಅದಕ್ಕೇ ಅವರ ಕೋರ್ಟ್ ದೃಶ್ಯಗಳಲ್ಲಿ ಮೇಜು ಕುಟ್ಟುವುದಿಲ್ಲ, ಕಿರುಚುವುದಿಲ್ಲ. ಸಾಕ್ಷಿಗೆ ಒಂದು ಸಣ್ಣ ಪ್ರಶ್ನೆ, ಇನ್ನೊಂದು ಸಣ್ಣ ಪ್ರಶ್ನೆ, ಮೂರನೆಯದಕ್ಕೆ ಸಾಕ್ಷಿ ತಾನೇ ಹಾಸಿದ ಬಲೆಯಲ್ಲಿ ನಿಂತಿರುತ್ತಾನೆ. 'ಮುಕ್ತ', 'ಮಗಳು ಜಾನಕಿ' ಧಾರಾವಾಹಿಗಳಲ್ಲಿ ಅವರೇ ಆಡುವ ಸಿ.ಎಸ್.ಪಿ. ಎಂಬ ವಕೀಲನ ಪಾತ್ರಕ್ಕೆ ಜನ ಕಾದು ಕೂರುತ್ತಿದ್ದದ್ದು ಇದೇ ಕಾರಣಕ್ಕೆ. ನಾವು ಸಂಭಾಷಣೆ ಬರೆಯುವವರು ಆ ದೃಶ್ಯಗಳನ್ನು ಟೇಪು ಹಾಕಿಕೊಂಡು ಬರೆದು ಕಲಿತಿದ್ದೇವೆ. 'ಮುಕ್ತ ಮುಕ್ತ'ದ ಕಾಲಕ್ಕೆ ತಂಡ ಊರೂರಿಗೆ ಹೋಗಿ ಜನರನ್ನು ಸಭಾಂಗಣದಲ್ಲಿ ಕೂರಿಸಿ ಸಂವಾದ ನಡೆಸಿತು. ಧಾರಾವಾಹಿ ನೋಡಿದವರು ಎದ್ದು ನಿಂತು, ಆ ಪಾತ್ರ ಹೀಗೆ ಮಾಡಿದ್ದು ಸರಿಯಾ ಅಂತ ಕೇಳಿದರು. ಟಿವಿ ನೋಡುವುದು ಅಂದರೆ ಸುಮ್ಮನೆ ಕೂರುವುದು ಅಂದುಕೊಂಡವರಿಗೆ ನಾನು ಈ ಸಂವಾದಗಳನ್ನೇ ತೋರಿಸುತ್ತೇನೆ.

ಕೊರತೆ ಇಲ್ಲವೇ ಅಂದರೆ, ಇದೆ. ಸೀತಾರಾಮ್ ಅವರ ಲೋಕದಲ್ಲಿ ಎಲ್ಲರೂ ತುಸು ಜಾಸ್ತಿಯೇ ಚೆನ್ನಾಗಿ ಮಾತಾಡುತ್ತಾರೆ. ಜಗಳದ ನಡುವೆಯೂ ವಾಕ್ಯ ಪೂರ್ತಿ ಮಾಡುತ್ತಾರೆ. ಅವರ ನಂತರದ ಧಾರಾವಾಹಿಗಳಲ್ಲಿ ರಾಜಕೀಯ ಚರ್ಚೆ ಬಂದಾಗ ಮಕ್ಕಳು ಎದ್ದು ಹೋಗಬಹುದು. ಅದಕ್ಕೇ 'ಮಾಯಾಮೃಗ'ದಿಂದ ಶುರು ಮಾಡಿ ಅಂದದ್ದು, ಅದು ಮನೆಯ ಕಥೆ. ಯೂಟ್ಯೂಬ್‌ನಲ್ಲಿ ಸಿಗುತ್ತದೆ. ದಿನಕ್ಕೆ ಎರಡು ಕಂತಿಗಿಂತ ಹೆಚ್ಚು ಹಾಕಬೇಡಿ. ದಿನಕ್ಕೊಂದರಂತೆ ನೋಡಲಿಕ್ಕೆ ಬರೆದದ್ದು ಅದು, ಒಂದೇ ಉಸಿರಿಗೆ ನೋಡಿದರೆ ಎಳೆದ ಹಾಗೆ ಕಾಣುತ್ತದೆ.

ಒಂದನ್ನು ಮಾತ್ರ ಮಗಳಿಗೆ ಈಗ ತೋರಿಸಬೇಡಿ, ನೀವು ದೊಡ್ಡವರು ಮೂವರೂ ನೋಡಿ. ಎಸ್.ಎಲ್. ಭೈರಪ್ಪನವರ ಕಾದಂಬರಿಯಿಂದ ಗಿರೀಶ್ ಕಾಸರವಳ್ಳಿ ಈಟಿವಿ ಕನ್ನಡಕ್ಕೆ ಮಾಡಿದ 'ಗೃಹಭಂಗ'. ನನ್ನ ಪ್ರಶ್ನೆಗೆ ಕನ್ನಡ ಕಿರುತೆರೆ ಕೊಟ್ಟ ದೊಡ್ಡ ಉತ್ತರ ಅದು. ನಂಜಮ್ಮನ ಗಂಡ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯಲು ಬಾರದವನು. ಗಂಡನ ಹೆಸರಿನ ಕಡತವನ್ನು ಅವಳು ತನ್ನ ಕೈಯಲ್ಲಿ ಬರೆದು ಸಂಸಾರ ಸಾಗಿಸುತ್ತಾಳೆ, ಮುತ್ತುಗದ ಎಲೆ ಹಚ್ಚುತ್ತಾಳೆ. ಬರ, ಪ್ಲೇಗು, ಗಂಡನ ಮನೆಯ ಬೈಗುಳ ಒಂದರ ಮೇಲೊಂದು ಬರುತ್ತವೆ. ಕಾಸರವಳ್ಳಿಯವರು ಸಿನಿಮಾ ಮಾಡುವ ತಾಳ್ಮೆಯಲ್ಲೇ ಇದನ್ನೂ ಮಾಡಿದರು. ಹಿನ್ನೆಲೆ ಸಂಗೀತದಿಂದ ಅಳಿಸುವುದಿಲ್ಲ, ಕ್ಯಾಮೆರಾ ಮುಖಕ್ಕೆ ನುಗ್ಗುವುದಿಲ್ಲ. ಹೆಂಗಸೊಬ್ಬಳು ಎಲೆಗೆ ಕಡ್ಡಿ ಚುಚ್ಚುತ್ತಾ ಕೂತಿದ್ದರೆ ಆ ಕೂರುವಿಕೆಯಲ್ಲೇ ಅವಳ ದಿನ ಕಾಣುತ್ತದೆ. ಮಕ್ಕಳ ಸಾವು ಬರುವುದರಿಂದ ಒಂಬತ್ತರ ವಯಸ್ಸಿಗೆ ಬೇಡ ಅಂದೆ. ಹದಿನೈದಕ್ಕೆ ಖಂಡಿತ ತೋರಿಸಿ. ನಿಮ್ಮ ತಾಯಿಯವರು ಮಾತ್ರ ಇದನ್ನು ನೋಡುತ್ತಾ ತಮ್ಮ ಅಜ್ಜಿಯ ಕಥೆ ಹೇಳಲು ಶುರು ಮಾಡಬಹುದು. ಆಗ ಟಿವಿ ನಿಲ್ಲಿಸಿಬಿಡಿ, ಅವರ ಮಾತು ಕೇಳಿ.

ನಗಲಿಕ್ಕೆ 'ಸಿಲ್ಲಿ ಲಲ್ಲಿ'. ವಿಜಯಪ್ರಸಾದ್ ನಿರ್ದೇಶನದ್ದು, ಈಟಿವಿ ಕನ್ನಡದ್ದೇ. ಸಮಾಜ ಸೇವಕಿ ಲಲಿತಾಂಬ, ಡಾಕ್ಟರ್ ವಿಠ್ಠಲ್ ರಾವ್, ಅವರ ಸುತ್ತ ಒಂದು ವಠಾರದಷ್ಟು ಜನ. ಕನ್ನಡ ಕಲಿಯುವ ಮಗುವಿಗೆ ಇದು ಹೇಳಿ ಮಾಡಿಸಿದ್ದು, ಯಾಕೆಂದರೆ ಒಬ್ಬೊಬ್ಬರೂ ತಮ್ಮ ಮಾತಿನ ವರಸೆಯನ್ನು ಮತ್ತೆ ಮತ್ತೆ ಆಡುತ್ತಾರೆ, ಮಕ್ಕಳು ಹಿಡಿದುಕೊಂಡುಬಿಡುತ್ತಾರೆ. ವಾರದೊಳಗೆ ನಿಮ್ಮ ಮಗಳ ಬಾಯಲ್ಲಿ ಆ ಓಡಿಸುವ ವಾಕ್ಯದ ಬದಲು ಡಾಕ್ಟರ ಮಾತು ಬರುತ್ತದೆ. ಅದೇ ಕಾಲದ 'ಪಾಪ ಪಾಂಡು' ಬಗ್ಗೆ ನೆಂಟರು ಹೇಳಿಯೇ ಹೇಳಿರುತ್ತಾರೆ. ಸಿಹಿಕಹಿ ಚಂದ್ರು ತಂಡದ ಟೈಮಿಂಗ್‌ಗೆ ಎರಡು ಮಾತಿಲ್ಲ, ಚಿದಾನಂದ್ ಮತ್ತು ಶಾಲಿನಿ ಇಬ್ಬರೂ ಅದ್ಭುತ. ಆದರೆ ಹೆಂಡತಿ ಗಂಡನಿಗೆ ಹೊಡೆಯುವುದೇ ಅಲ್ಲಿ ನಗುವಿನ ಮೂಲ. ಯಾರು ಯಾರಿಗೆ ಹೊಡೆದರೂ ಅದು ತಮಾಷೆ ಅಂತ ಒಂಬತ್ತರ ಮಗುವಿಗೆ ಅನ್ನಿಸುವುದು ನನಗೆ ಇಷ್ಟವಿಲ್ಲ. ಹಲವರು ಇದನ್ನು ಒಪ್ಪುವುದಿಲ್ಲ, ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

'ಥಟ್ ಅಂತ ಹೇಳಿ' ನಿಮ್ಮ ತಂದೆಯವರಿಗೆ ಗೊತ್ತಿರಲೇಬೇಕು. ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ನಡೆಸಿಕೊಂಡು ಬಂದ ಕ್ವಿಜ್, ಸಾವಿರಾರು ಕಂತು ದಾಟಿದೆ. ಗೆದ್ದವರಿಗೆ ದುಡ್ಡಿಲ್ಲ, ಕಾರಿಲ್ಲ, ಪುಸ್ತಕ. ಸರಿಯಾದ ಉತ್ತರ ಹೇಳಿದವರ ಕೈಗೆ ಅಲ್ಲೇ ಒಂದು ಕನ್ನಡ ಪುಸ್ತಕ ಬರುವುದನ್ನು ಮಗಳು ನೋಡಲಿ. ಬಾಲ್ಕನಿಯಿಂದ ಅಜ್ಜನನ್ನು ಒಳಗೆ ಕರೆಯಲು ಇದರಷ್ಟು ಸುಲಭದ ಉಪಾಯ ಇಲ್ಲ. ಟಿವಿಯ ಎದುರು ಅವರು ಉತ್ತರ ಹೇಳಲಿ, ಸರಿಯಾದರೆ ಮೊಮ್ಮಗಳು ಮನೆಯ ಕಪಾಟಿನಿಂದ ಒಂದು ಪುಸ್ತಕ ತಂದು ಅವರ ಕೈಗಿಡಲಿ. ಸಂಗೀತ ಇಷ್ಟವಾದರೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ 'ಎದೆ ತುಂಬಿ ಹಾಡುವೆನು'. ಹಾಡಿದ ಮಕ್ಕಳಿಗೆ ಅಂಕ ಹೇಳುವ ಮೊದಲು ಅವರು ಹಾಡಿನ ಒಂದು ಪದವನ್ನು ಹೇಗೆ ಉಚ್ಚರಿಸಬೇಕು ಅಂತ ತಾವೇ ಹಾಡಿ ತೋರಿಸುತ್ತಿದ್ದರು, ಬೈಯದೆ. ಅಲ್ಪಪ್ರಾಣ ಮಹಾಪ್ರಾಣ ಕಲಿಸಲು ಪುಸ್ತಕಕ್ಕಿಂತ ಅದು ಮೇಲು.

ಡಬ್ ಆದದ್ದು ನೋಡಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳಬೇಕು. ದಶಕಗಳ ಕಾಲ ಕನ್ನಡದಲ್ಲಿ ಡಬ್ಬಿಂಗ್‌ಗೆ ಅಘೋಷಿತ ತಡೆ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೆ ಸಡಿಲವಾಯಿತು. ಕನ್ನಡದಲ್ಲಿ ಬರೆದು ಹೊಟ್ಟೆ ಹೊರೆದ ನಾನೂ ಆಗ ಡಬ್ಬಿಂಗ್ ಬೇಡ ಅಂದವರ ಜೊತೆಗಿದ್ದೆ. 2020ರಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಬಂತು, ಡಾ. ಅಂಬೇಡ್ಕರ್ ಜೀವನದ ಹಿಂದಿ ಧಾರಾವಾಹಿಯ ಕನ್ನಡ ರೂಪ. ಹಳ್ಳಿಹಳ್ಳಿಯಲ್ಲಿ ಜನ ತಾವೇ ದುಡ್ಡು ಹಾಕಿ ಅದಕ್ಕೆ ಫ್ಲೆಕ್ಸ್ ಕಟ್ಟಿದರು. ಯಾವ ಧಾರಾವಾಹಿಗೂ ನಾನು ಹಾಗಾದದ್ದು ಕಂಡಿರಲಿಲ್ಲ. ತಮ್ಮ ಭಾಷೆಯಲ್ಲಿ ಆ ಕಥೆ ಕೇಳಲು ಅವರು ಎಷ್ಟು ವರ್ಷ ಕಾದಿದ್ದರು ಅನ್ನುವುದು ನನಗೆ ಆಗ ತಿಳಿಯಿತು, ನನ್ನ ಹಟ ಅಲ್ಲಿಗೆ ಬಿಟ್ಟೆ. ಬಾಲಕ ಭೀಮರಾವ್ ಭಾಗವನ್ನು ನಿಮ್ಮ ಮಗಳು ನೋಡಲೇಬೇಕು. ಶಾಲೆಯಲ್ಲಿ ನೀರಿನ ಗಡಿಗೆ ಮುಟ್ಟುವಂತಿಲ್ಲ ಅಂತ ಅವಳ ವಯಸ್ಸಿನ ಹುಡುಗನಿಗೆ ಹೇಳಿದ್ದು ಅವಳು ಈಗ ಇರುವ ಮಹಾರಾಷ್ಟ್ರದಲ್ಲಿಯೇ, ಸಾತಾರಾ ಪುಣೆಯಿಂದ ಬಹಳ ದೂರವೇನಲ್ಲ.

ಗುಂಪಿನ ಇಪ್ಪತ್ತು ಹೆಸರುಗಳ ವಿಚಾರಕ್ಕೆ ಬರುತ್ತೇನೆ. ಹೆಸರು ಹೇಳಿದವರಿಗೆ ತಿರುಗಿ ಒಂದೇ ಪ್ರಶ್ನೆ ಹಾಕಿ: "ಅದರಲ್ಲಿ ನಿಮಗೆ ನೆನಪಿರೋ ಒಂದು ಸೀನ್ ಹೇಳಿ." ಸೂಪರ್, ಮಿಸ್ ಮಾಡ್ಬೇಡಿ, ಎಲ್ಲರೂ ನೋಡ್ತಿದ್ದಾರೆ ಅಂತ ಉತ್ತರ ಬಂದರೆ ಆ ಹೆಸರು ಬಿಡಿ. ಚಿಕ್ಕಮ್ಮ ಯಾರೋ "ಆ ಮುದುಕ ಪೆನ್ಷನ್ ದುಡ್ಡು ಎಣಿಸಿ ಮತ್ತೆ ಚೀಲದಲ್ಲಿ ಇಡ್ತಾನಲ್ಲ, ಅದು" ಅಂದರೆ ಆ ಹೆಸರು ಬರೆದಿಟ್ಟುಕೊಳ್ಳಿ, ಆ ಚಿಕ್ಕಮ್ಮನ ಹೆಸರನ್ನೂ. ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿದ ಒಂದು ದೃಶ್ಯ ಸುಳ್ಳು ಹೇಳುವುದಿಲ್ಲ. ನೀವು ಬೇರೆಯವರಿಗೆ ಹೇಳುವಾಗಲೂ ಹಾಗೆಯೇ ಹೇಳಿ, ಒಂದು ದೃಶ್ಯ ಹೇಳಿ ನಿಲ್ಲಿಸಿ. ಕಥೆ ಹೇಳಿಬಿಟ್ಟರೆ ನೋಡುವವರಿಗೆ ಉಳಿಯುವುದೇನು? ಇನ್ನೊಂದು ವಿಷಯ, ಹೇಳಿದವರು ಹೇಗೆ ನೋಡುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಡುಗೆ ಮಾಡುತ್ತಾ ಕೇಳಿಸಿಕೊಳ್ಳುವವರಿಗೆ ಮಾತು ಜಾಸ್ತಿ ಇರುವ ಧಾರಾವಾಹಿ ಚೆನ್ನ ಅನ್ನಿಸುತ್ತದೆ, ಮಾತು ಕಡಿಮೆ ಇರುವ ಕಾಸರವಳ್ಳಿಯವರದ್ದು ಅವರಿಗೆ ಬೋರು. ತಪ್ಪು ಅವರದ್ದೂ ಅಲ್ಲ, ಧಾರಾವಾಹಿಯದ್ದೂ ಅಲ್ಲ.

ಯೂಟ್ಯೂಬ್‌ನಲ್ಲಿ ಹುಡುಕುವಾಗ ಒಂದು ಎಚ್ಚರ. ಹಳೆಯ ಧಾರಾವಾಹಿಗಳನ್ನು ಯಾರು ಯಾರೋ ಕತ್ತರಿಸಿ, ವೇಗ ಹೆಚ್ಚಿಸಿ, ಚೌಕಟ್ಟು ತಿರುಚಿ ಹಾಕಿರುತ್ತಾರೆ. ನಿರ್ಮಾಪಕರದೋ ದೂರದರ್ಶನದ್ದೋ ಚಾನೆಲ್ ಆಗಿದ್ದರೆ ಕಂತುಗಳು ಕ್ರಮವಾಗಿ ಇರುತ್ತವೆ. ದನಿ ಸಣ್ಣಗಿದ್ದರೆ ಮೊಬೈಲಿನಲ್ಲಿ ತೋರಿಸಬೇಡಿ, ಟಿವಿಗೆ ಹಾಕಿ ಒಂದು ಸಣ್ಣ ಸ್ಪೀಕರ್ ಜೋಡಿಸಿ. ಎಪ್ಪತ್ತು ದಾಟಿದವರಿಗೆ ಮಾತು ಕೇಳಿಸದಿದ್ದಾಗ, ಕೇಳಿಸಲಿಲ್ಲ ಅಂತ ಹೇಳುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ನಿಮ್ಮ ತಂದೆ ಬಾಲ್ಕನಿಗೆ ಹೋಗುವುದರ ಹಿಂದೆ ಇದೂ ಇರಬಹುದು, ಒಮ್ಮೆ ನೋಡಿ.

ಹೊತ್ತು ಯಾವುದು ಅಂದರೆ, ಅಮ್ಮನ ಧಾರಾವಾಹಿಗಳಲ್ಲಿ ಹೆಚ್ಚಿನವಕ್ಕೆ ಬಿಡುವಿರುವ ವಾರಾಂತ್ಯದ ಒಂದು ಸಂಜೆ ಇಟ್ಟುಕೊಳ್ಳಿ. ಮೊದಲನೆಯದಾಗಿ ಆ ಪೋಸ್ಟ್‌ಮ್ಯಾನ್ ಕಂತು ಹಾಕಿ. ಹಾಕುವ ಮೊದಲು ಯಾರಿಗೂ ಏನೂ ವಿವರಿಸಬೇಡಿ, "ಅಪ್ಪ, ಇದರಲ್ಲಿ ನಿಮ್ಮ ಡಿಪಾರ್ಟ್‌ಮೆಂಟಿನೋರು ಒಬ್ರು ಇದ್ದಾರೆ" ಅಂತಷ್ಟೇ ಹೇಳಿ ಬಾಲ್ಕನಿಯ ಬಾಗಿಲು ತೆರೆದಿಡಿ.